ವಿಚ್ಛೇದನದ ಒಡಂಬಡಿಕೆಗೆ ಬ್ಯಾಂಕಿನ ಸಹಿ ಇರುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ವಿಚ್ಛೇದನದ ವರದಿಗಳಲ್ಲಿ ಜೀವನಾಂಶ ಎಷ್ಟು, ಮಕ್ಕಳು ಯಾರ ಬಳಿ ಎಂಬ ಎರಡು ವಿಷಯ ತಪ್ಪದೆ ಇರುತ್ತವೆ. ಇಬ್ಬರೂ ಸೇರಿ ಮಾಡಿದ ಸಾಲ ಏನಾಯಿತು ಎಂಬುದು ಬರುವುದೇ ಅಪರೂಪ. ಪರಸ್ಪರ ಒಪ್ಪಿಗೆಯ ಅರ್ಜಿಗಳಲ್ಲೂ ಅಷ್ಟೆ. ಒಡವೆ, ಪಾತ್ರೆ, ಮಗುವಿನ ಶಾಲಾ ಶುಲ್ಕದ ಬಗ್ಗೆ ಪುಟಗಟ್ಟಲೆ ಬರೆದು, ಕೊನೆಗೆ ‘ಮನೆ ಸಾಲವನ್ನು ಒಂದನೇ ಅರ್ಜಿದಾರರು ತೀರಿಸತಕ್ಕದ್ದು’ ಎಂಬ ಒಂದೇ ವಾಕ್ಯದಲ್ಲಿ ಲಕ್ಷಾಂತರ ರೂಪಾಯಿಯ ಹೊಣೆಯನ್ನು ಮುಗಿಸಿಬಿಡುತ್ತಾರೆ. ಆ ಒಂದು ವಾಕ್ಯದಿಂದ ಆಗುವ ಅನಾಹುತದ ಬಗ್ಗೆ ಈ ಪತ್ರ.

ಮೊದಲು ಕಾನೂನಿನ ಸ್ಥಿತಿ ತಿಳಿದಿರಲಿ. ದಾಂಪತ್ಯದಲ್ಲಿ ಗಳಿಸಿದ ಆಸ್ತಿಯನ್ನೂ ಮಾಡಿದ ಸಾಲವನ್ನೂ ಇಬ್ಬರಿಗೆ ಹಂಚುವ ಕಾಯ್ದೆ ನಮ್ಮಲ್ಲಿ ಇಲ್ಲ. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯಿಂದಾಗಿ, ಮದುವೆಗೆ ಮುಂಚೆ ಬೇರೆ ಕರಾರು ಆಗಿರದಿದ್ದರೆ, ಆಸ್ತಿ ಇಬ್ಬರ ಒಟ್ಟು ಸ್ವತ್ತು. ಕಾರವಾರದಿಂದ ಈಚೆಗೆ ಆ ನಿಯಮ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಹೇಳುವುದು ಮದುವೆಯ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಸೇರಿದ ಸ್ವತ್ತಿನ ಬಗ್ಗೆ ಮಾತ್ರ. ಅದರಲ್ಲಿ ಸಾಲದ ಮಾತೇ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 7ನೇ ಕಲಂ ಪ್ರಕಾರ ಗಂಡ ಹೆಂಡತಿಯ ಆಸ್ತಿ ವ್ಯಾಜ್ಯವನ್ನು ಅದೇ ನ್ಯಾಯಾಲಯ ನಡೆಸಬಹುದು. ಆದರೆ ಇಬ್ಬರ ಮಧ್ಯೆ ಏನೇ ಆದೇಶವಾದರೂ ಆ ವ್ಯಾಜ್ಯದಲ್ಲಿ ಪಕ್ಷಗಾರನಲ್ಲದ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ.

ಬ್ಯಾಂಕ್ ನೋಡುವುದು 1872ರ ಕರಾರು ಕಾಯ್ದೆಯನ್ನು. ಅದರ 43ನೇ ಕಲಂ ಪ್ರಕಾರ ಜಂಟಿಯಾಗಿ ಸಹಿ ಮಾಡಿದವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ಸಾಲ ವಸೂಲಿ ಮಾಡಬಹುದು, ‘ನನ್ನ ಪಾಲು ಅರ್ಧ’ ಎಂಬ ವಾದ ಬ್ಯಾಂಕಿನ ಮುಂದೆ ನಡೆಯುವುದಿಲ್ಲ. ಪೂರ್ತಿ ಕಟ್ಟಿದವರು ಇನ್ನೊಬ್ಬರ ಪಾಲನ್ನು ಅವರಿಂದ ಕೇಳಬಹುದು, ಅದಕ್ಕೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. 128ನೇ ಕಲಂ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. ‘ಮೊದಲು ಅವರನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎನ್ನುವ ಹಕ್ಕು ಜಾಮೀನು ಹಾಕಿದವರಿಗೆ ಇಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು, ಅದು ಗೊತ್ತಿಲ್ಲದೆ ಅನೇಕ ಹೆಣ್ಣುಮಕ್ಕಳು ಹೆದರುತ್ತಾರೆ. ಗಂಡ ಒಬ್ಬನೇ ಸಹಿ ಮಾಡಿ ತಂದ ವೈಯಕ್ತಿಕ ಸಾಲಕ್ಕೆ, ಕ್ರೆಡಿಟ್ ಕಾರ್ಡ್ ಬಾಕಿಗೆ, ಅಂಗಡಿಯ ಸಾಲಕ್ಕೆ ಹೆಂಡತಿ ಎಂಬ ಒಂದೇ ಕಾರಣಕ್ಕೆ ಆಕೆ ಹೊಣೆಗಾರಳಲ್ಲ. ಹೆಂಡತಿಯ ಸಾಲಕ್ಕೆ ಗಂಡನೂ ಹಾಗೆಯೇ. ವಸೂಲಿಗೆ ಬಂದವರು ತವರುಮನೆಯ ಬಾಗಿಲು ತಟ್ಟಿದರೆ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಸಹಿ ಎಲ್ಲಿದೆ, ತೋರಿಸಿ. ಬ್ಯಾಂಕುಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ಆದೇಶವೂ ನೆನಪಿರಲಿ.

ಹಾಗಾಗಿ ಮೊದಲ ಕೆಲಸ, ಯಾವ ಸಾಲಕ್ಕೆ ಯಾರ ಸಹಿ ಇದೆ ಎಂದು ಪಟ್ಟಿ ಮಾಡುವುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ, ಪ್ರತಿಯೊಬ್ಬರ ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ಕ್ರೆಡಿಟ್ ವರದಿಯನ್ನು ಉಚಿತವಾಗಿ ಕೊಡಬೇಕು. ಜನ ಅಂಕ ನೋಡಿ ವರದಿ ಮುಚ್ಚಿಡುತ್ತಾರೆ. ಈ ಸಂದರ್ಭದಲ್ಲಿ ನೋಡಬೇಕಾದ್ದು ಪ್ರತಿ ಖಾತೆಯ ಎದುರು ಇರುವ ‘ಓನರ್‌ಶಿಪ್’ ಎಂಬ ಕಾಲಂ. ಅಲ್ಲಿ ಇಂಡಿವಿಜುವಲ್ (ಒಬ್ಬರದೇ), ಜಾಯಿಂಟ್ (ಜಂಟಿ), ಗ್ಯಾರಂಟರ್ (ಜಾಮೀನುದಾರರು), ಆಥರೈಸ್ಡ್ ಯೂಸರ್ (ಬಳಸಲು ಅನುಮತಿ ಪಡೆದವರು) ಎಂದು ನಮೂದಾಗಿರುತ್ತದೆ. ಎಂದೋ ಹತ್ತು ಕಡೆ ಸಹಿ ಮಾಡಿಸಿಕೊಂಡಿದ್ದ ಗಂಡನ ವ್ಯಾಪಾರದ ಸಾಲಕ್ಕೆ ತಾನು ಜಾಮೀನುದಾರಳು ಎಂಬುದು ಎಷ್ಟೋ ಮಂದಿಗೆ ಗೊತ್ತಾಗುವುದು ಆ ಕಾಲಂ ನೋಡಿದಾಗಲೇ. ಕೈಸಾಲ, ಚೀಟಿ ಮತ್ತು ಅನೇಕ ಪತ್ತಿನ ಸಹಕಾರ ಸಂಘಗಳ ಸಾಲ ಈ ವರದಿಯಲ್ಲಿ ಸಿಗುವುದಿಲ್ಲ. ಸಂಘದಿಂದ ಬಾಕಿ ಪ್ರಮಾಣಪತ್ರವನ್ನೇ ತರಿಸಬೇಕು. ಮನೆ, ನಿವೇಶನಕ್ಕೆ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ, ಜಮೀನಿಗೆ ಪಹಣಿಯ ಋಣಗಳ ಕಾಲಂ ನೋಡಬೇಕು.

ಎರಡನೆಯದು ಆಸ್ತಿ ಮತ್ತು ಹೊಣೆಗಾರಿಕೆಯ ಪ್ರಮಾಣಪತ್ರ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಇದನ್ನು ಸಲ್ಲಿಸಬೇಕೆಂದು ಹೇಳಿ ನಮೂನೆಯನ್ನೂ ಕೊಟ್ಟಿದೆ. ಆ ನಮೂನೆಯ ಸಾಲದ ಭಾಗವನ್ನು ಅರ್ಧಂಬರ್ಧ ತುಂಬುವುದು ಒಂದು ಚಾಳಿ, ಇಲ್ಲದ ಸಾಲ ತುಂಬುವುದು ಇನ್ನೊಂದು. ವ್ಯಾಜ್ಯ ಶುರುವಾದ ಕೂಡಲೇ ಅಣ್ಣನಿಂದ ಐದು ಲಕ್ಷ, ಭಾವನಿಂದ ಎಂಟು ಲಕ್ಷ ಎಂದು ಪ್ರಾಮಿಸರಿ ನೋಟುಗಳು ಹುಟ್ಟಿಕೊಳ್ಳುತ್ತವೆ. ಇವನ್ನು ಜರಡಿ ಹಿಡಿಯುವುದು ಕಷ್ಟವಲ್ಲ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಹಣ ಯಾವ ಖಾತೆಯಿಂದ ಯಾವ ಖಾತೆಗೆ ಬಂತು, ಕೊಟ್ಟವರ ತೆರಿಗೆ ವಿವರದಲ್ಲಿ ಅಷ್ಟು ಆದಾಯ ಇದೆಯೇ, ಬಡ್ಡಿ ಎಂದಾದರೂ ಕಟ್ಟಿದ್ದುಂಟೇ ಎಂಬ ಮೂರು ಪ್ರಶ್ನೆಗೆ ಸುಳ್ಳು ಸಾಲ ನಿಲ್ಲುವುದಿಲ್ಲ. ನಿಜವಾದ ಹಳೆಯ ಕೈಸಾಲದಲ್ಲಿ ಬೇರೆ ಅಪಾಯವಿದೆ. ಪ್ರಾಮಿಸರಿ ನೋಟಿನ ಮೇಲೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಅದು ಮುಗಿಯುವ ಮುಂಚೆ ‘ಬಾಕಿ ಇದೆ’ ಎಂದು ಬರೆದು ಸಹಿ ಮಾಡಿದರೆ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಮಾತುಕತೆ ನಡೆಯುತ್ತಿರುವಾಗ ಯಾರೇ ಹೇಳಿದರೂ ನೋಟು ನವೀಕರಿಸಬೇಡಿ.

ಇನ್ನು ಮನೆ ಸಾಲ. ಜಗಳ ಹೆಚ್ಚು ಇರುವುದೂ ಲೆಕ್ಕ ತಪ್ಪುವುದೂ ಇಲ್ಲೇ. ಉದಾಹರಣೆಗೆ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದ 50 ಲಕ್ಷ ರೂಪಾಯಿ ಸಾಲ ಎಂದಿಟ್ಟುಕೊಳ್ಳಿ. ತಿಂಗಳ ಕಂತು 43,391 ರೂಪಾಯಿ. ಐದು ವರ್ಷದಲ್ಲಿ ಕಟ್ಟಿದ್ದು 26 ಲಕ್ಷಕ್ಕೂ ಹೆಚ್ಚು. ‘ನನ್ನ ಸಂಬಳದ 26 ಲಕ್ಷ ಈ ಮನೆಯಲ್ಲಿದೆ’ ಎಂದು ಕಂತು ಕಟ್ಟಿದವರು ಪಟ್ಟು ಹಿಡಿಯುತ್ತಾರೆ. ಆದರೆ ಅಷ್ಟು ಕಟ್ಟಿದ ಮೇಲೂ ಅಸಲು ಸುಮಾರು 44.06 ಲಕ್ಷ ಉಳಿದಿರುತ್ತದೆ. ಸಾಲ ಇಳಿದಿದ್ದು ಆರು ಲಕ್ಷಕ್ಕಿಂತ ಕಡಿಮೆ, ಉಳಿದ 20 ಲಕ್ಷ ಬಡ್ಡಿ. ಆ ಐದು ವರ್ಷ ಇಬ್ಬರೂ ಆ ಮನೆಯಲ್ಲಿ ವಾಸ ಮಾಡಿದ್ದಾರೆ. ಹಾಗಾಗಿ ಕಟ್ಟಿದ ಕಂತಿನ ಮೊತ್ತ ಇಟ್ಟುಕೊಂಡು ಮಾತಿಗೆ ಕೂತರೆ ಲೆಕ್ಕ ಹರಿಯುವುದೇ ಇಲ್ಲ. ಹಿಡಿಯಬೇಕಾದ್ದು ಇಂದಿನ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದನ್ನು. ಮನೆಗೆ ಇಂದು 75 ಲಕ್ಷ ಬೆಲೆ ಎಂದರೆ ಉಳಿಯುವುದು 30.94 ಲಕ್ಷ. ಸಮಪಾಲು ಎಂದು ಒಪ್ಪಿದರೆ ಒಬ್ಬರಿಗೆ 15.47 ಲಕ್ಷ.

ಇಷ್ಟಕ್ಕೆ ಮುಗಿಯುವುದಿಲ್ಲ. ಮನೆ ಉಳಿಸಿಕೊಳ್ಳುವವರು ಹಳೆ ಸಾಲ 44.06 ಲಕ್ಷ, ಬಿಟ್ಟುಹೋಗುವವರಿಗೆ 15.47 ಲಕ್ಷ, ಒಟ್ಟು 59.53 ಲಕ್ಷಕ್ಕೆ ತಮ್ಮೊಬ್ಬರ ಹೆಸರಿನಲ್ಲಿ ಸಾಲ ಎತ್ತಬೇಕು. ಉಳಿದ 15 ವರ್ಷಕ್ಕೆ ಅದೇ ಬಡ್ಡಿಯಲ್ಲಿ ಕಂತು ಸುಮಾರು 58,600 ರೂಪಾಯಿ. ಕೈಗೆ ಬರುವ ಸಂಬಳದ ಅರ್ಧದಷ್ಟೇ ಕಂತಿಗೆ ಹೋಗಬೇಕು ಎಂದು ಬ್ಯಾಂಕ್ ಲೆಕ್ಕ ಹಾಕಿದರೆ, ತಿಂಗಳಿಗೆ 1.17 ಲಕ್ಷ ಸಂಬಳ ಬೇಕು. ರಿಸರ್ವ್ ಬ್ಯಾಂಕಿನ ಮಿತಿಯಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 80 ದಾಟಬಾರದು, ಇಲ್ಲಿ 60 ಲಕ್ಷ. ಅಂಚಿನಲ್ಲಿ ಹಿಡಿಸುತ್ತದೆ. ಬ್ಯಾಂಕಿನ ಮೌಲ್ಯಮಾಪಕರು 72 ಲಕ್ಷ ಎಂದು ಬರೆದರೆ ಹಿಡಿಸುವುದಿಲ್ಲ. ಒಡಂಬಡಿಕೆ ಬರೆಯುವ ಮುಂಚೆಯೇ ಈ ಲೆಕ್ಕ ಆಗಬೇಕು. ಇಬ್ಬರ ಸಂಬಳ ಸೇರಿಸಿ ಮಂಜೂರು ಮಾಡಿದ ಸಾಲಕ್ಕೆ ಒಬ್ಬರ ಸಂಬಳ ಸಾಲದು ಎಂದು ಕಂಡರೆ ಬ್ಯಾಂಕ್ ಇನ್ನೊಬ್ಬರನ್ನು ಬಿಡುಗಡೆ ಮಾಡುವುದಿಲ್ಲ. ಆಗ ಮನೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳುವುದೇ ಸರಿಯಾದ ದಾರಿ. ಮನೆ ಬಿಡಲು ಮನಸ್ಸು ಬಾರದು, ನಿಜ. ಆದರೆ ಬೇರೆಯಾದ ಇಬ್ಬರನ್ನು ಇನ್ನೂ 15 ವರ್ಷ ಒಂದೇ ಸಾಲಕ್ಕೆ ಕಟ್ಟಿಹಾಕುವುದು ಇಬ್ಬರಿಗೂ ಒಳ್ಳೆಯದಲ್ಲ.

ಮನೆಯ ವಿಷಯದಲ್ಲಿ ಅತಿ ಹೆಚ್ಚು ನಷ್ಟ ತರುವುದು ಕೆಲಸಗಳ ಕ್ರಮ ತಪ್ಪುವುದು. ಮನೆಯಲ್ಲಿನ ತನ್ನ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಹೆಂಡತಿ ಮೊದಲು ಸಹಿ ಹಾಕುತ್ತಾಳೆ, ‘ಬ್ಯಾಂಕಿನದು ಆಮೇಲೆ ನೋಡೋಣ’ ಎನ್ನುತ್ತಾರೆ. ಅಲ್ಲಿಗೆ ಮನೆ ಹೋಯಿತು, ಸಾಲದಲ್ಲಿ ಹೆಸರು ಉಳಿಯಿತು. ಮುಂದೆ ಮಾಜಿ ಗಂಡ ಕಂತು ನಿಲ್ಲಿಸಿದರೆ 90 ದಿನಕ್ಕೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಅಡಮಾನದ ಸ್ವತ್ತನ್ನು ದಾವೆ ಹೂಡದೆಯೇ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ 60 ದಿನಗಳ ನೋಟಿಸು ಇಬ್ಬರ ಹೆಸರಿಗೂ ಬರುತ್ತದೆ. ಅದಕ್ಕಿಂತ ಮುಂಚೆಯೇ ಆಕೆಯ ಕ್ರೆಡಿಟ್ ಅಂಕ ಕುಸಿದು, ಮಗಳ ಶಿಕ್ಷಣ ಸಾಲಕ್ಕೆ ಸಹ ಅರ್ಜಿದಾರಳಾಗಿ ಹೋದಲ್ಲಿ ಅರ್ಜಿ ತಿರಸ್ಕೃತವಾಗಿರುತ್ತದೆ. ಅಡಮಾನ ಇರುವಾಗ ಹಕ್ಕು ವರ್ಗಾಯಿಸಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹೇಗೂ ಬೇಕು. ಆದ್ದರಿಂದ ಮೂರು ಕೆಲಸ ಒಟ್ಟಿಗೆ ಆಗಲಿ: ಬ್ಯಾಂಕಿನಿಂದ ಬಿಡುಗಡೆ ಪತ್ರ, ಖುಲಾಸೆ ಪತ್ರದ ನೋಂದಣಿ, ಪಾಲಿನ ಹಣದ ಡಿಡಿ. ತೀರ್ಪಿಗೆ ಮುಂಚೆ, ಇನ್ನೂ ಗಂಡ ಹೆಂಡತಿ ಆಗಿರುವಾಗಲೇ ನೋಂದಾಯಿಸಿದರೆ ಕುಟುಂಬ ಸದಸ್ಯರ ನಡುವಿನ ಖುಲಾಸೆಗೆ ಇರುವ ಕಡಿಮೆ ಮುದ್ರಾಂಕ ಶುಲ್ಕ ಸಿಗುತ್ತದೆ, ತೀರ್ಪಿನ ನಂತರ ಉಪ ನೋಂದಣಾಧಿಕಾರಿ ತಕರಾರು ತೆಗೆಯಬಹುದು. ‘ರಾಜಿ ತೀರ್ಪೇ ಸಾಕು, ನೋಂದಣಿ ಯಾಕೆ’ ಎನ್ನುವವರೂ ಇದ್ದಾರೆ. ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಅರ್ಜಿಯ ವಿಷಯವೇ ಆಗಿರದ ಸ್ಥಿರಾಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ತೀರ್ಪನ್ನೂ ನೋಂದಾಯಿಸಬೇಕು. ಮನೆಯ ವಿವರವನ್ನು ಚಕ್ಕುಬಂದಿ ಸಮೇತ ಅರ್ಜಿಯ ಷೆಡ್ಯೂಲಿನಲ್ಲೇ ಹಾಕಿರಿ.

ಸಾಲದ ಜೊತೆ ತೆಗೆಸಿದ ಜೀವವಿಮೆ ಯಾರ ಹೆಸರಿನಲ್ಲಿದೆ ಎಂದೂ ನೋಡಬೇಕು. ಬಹುತೇಕ ಅದು ಸಾಲದ ಅರ್ಜಿಯಲ್ಲಿ ಮೊದಲ ಹೆಸರು ಇರುವವರ ಜೀವಕ್ಕೆ ಮಾತ್ರ ಇರುತ್ತದೆ. ಸಾಲ ಹೆಂಡತಿಯ ಹೆಸರಿಗೆ ಹೋಗಿ ವಿಮೆ ಗಂಡನ ಜೀವದ ಮೇಲೇ ಉಳಿದರೆ ಆಕೆಗೂ ಮಕ್ಕಳಿಗೂ ರಕ್ಷಣೆ ಇಲ್ಲ. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವುದೂ ಹೆಸರು ತೆಗೆಯುವ ಒಂದು ದಾರಿ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ಪೂರ್ತಿ ತೀರಿಸಿದ 30 ದಿನದೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಆ ಪತ್ರಗಳನ್ನು ಯಾರ ಕೈಗೆ ಕೊಡಬೇಕೆಂದು ಒಡಂಬಡಿಕೆಯಲ್ಲೇ ಬರೆಯಿರಿ.

ಒಡವೆ ಸಾಲದ ನೋವು ಬೇರೆ ತರಹದ್ದು. ಸ್ತ್ರೀಧನ ಹೆಂಡತಿಯೊಬ್ಬಳದೇ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಗಂಡ ಕಷ್ಟಕಾಲದಲ್ಲಿ ಅದನ್ನು ಬಳಸಿದರೂ ಹಿಂದಿರುಗಿಸುವ ಹೊಣೆ ಅವನದು ಎಂದು 2024ರಲ್ಲಿ ಮತ್ತೆ ಹೇಳಿ, ಕೇರಳದ ಒಂದು ಪ್ರಕರಣದಲ್ಲಿ 25 ಲಕ್ಷ ರೂಪಾಯಿ ಕೊಡಿಸಿದೆ. ಹೀಗಿದ್ದರೂ ಅವಳ ಒಡವೆ ಅವನ ಹೆಸರಿನ ಚಿನ್ನದ ಸಾಲದಲ್ಲಿ ಗಿರವಿ ಕೂತಿರುತ್ತದೆ. ಬಡ್ಡಿ ಕಟ್ಟಿ ನವೀಕರಿಸದಿದ್ದರೆ ಹರಾಜಾಗುತ್ತದೆ, ಹರಾಜಿನ ನೋಟಿಸು ಹೋಗುವುದೂ ಅವನಿಗೇ. ಗಿರವಿ ಚೀಟಿಯ ನಕಲು ಸಿಕ್ಕರೆ ಭದ್ರವಾಗಿಡಿ. ಅದರಲ್ಲಿ ಬಳೆ, ಸರ, ಓಲೆ ಎಂದು ಒಡವೆವಾರು ವಿವರ, ಒಟ್ಟು ತೂಕ, ಕಲ್ಲು ಕಳೆದ ನಿವ್ವಳ ತೂಕ ಇರುತ್ತದೆ. ಮದುವೆಯ ಫೋಟೊಗಿಂತ ಗಟ್ಟಿಯಾದ ಸಾಕ್ಷಿ ಅದು. ಒಡವೆ ತನ್ನದೆಂದು ಶಾಖೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಒಡಂಬಡಿಕೆಯಲ್ಲಿ ‘120 ಗ್ರಾಂ ಚಿನ್ನ ಕೊಡತಕ್ಕದ್ದು’ ಎಂದಷ್ಟೇ ಬರೆಯದೆ, ಚೀಟಿಯಲ್ಲಿರುವ ಒಡವೆಗಳನ್ನೇ ಬಿಡಿಸಿ ಕೊಡಬೇಕು, ಹರಾಜಾಗಿದ್ದರೆ ಕೊಡುವ ದಿನದ ದರದಲ್ಲಿ ಹಣ ಕೊಡಬೇಕು ಎಂದು ಬರೆಯಿರಿ. ಚಿನ್ನದ ಬೆಲೆ ಏರುತ್ತಿರುವಾಗ ಸಾಲ ತೆಗೆದ ದಿನದ ದರಕ್ಕೆ ಒಪ್ಪುವುದು ದೊಡ್ಡ ನಷ್ಟ.

ಹಳ್ಳಿಗಳಲ್ಲಿ, ಪಟ್ಟಣದ ಕೂಲಿ ಕುಟುಂಬಗಳಲ್ಲಿ ಮನೆ ಸಾಲಕ್ಕಿಂತ ಹೆಂಗಸರ ಗುಂಪುಗಳಿಗೆ ಕೊಡುವ ಸಂಘದ ಸಾಲದ್ದೇ ದೊಡ್ಡ ತೊಂದರೆ. ಸಾಲ ಹೆಂಡತಿಯ ಹೆಸರಿನಲ್ಲಿ, ಹಣ ಹೋಗಿದ್ದು ಗಂಡನ ಆಟೊಗೋ ಬೋರ್‌ವೆಲ್ಲಿಗೋ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಎಲ್ಲ ಕಂತುಗಳೂ ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಅಂದರೆ ಸಾಲ ಕೊಡುವಾಗ ಗಂಡನ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ, ಅವನು ಹೊರಟುಹೋದ ಮೇಲೆ ಪೂರ್ತಿ ಕಂತು ಅವಳೊಬ್ಬಳ ಕೂಲಿಯಿಂದ ಹೋಗಬೇಕು. ಅವಳು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಅವಳ ಮನೆ ಮುಂದೆ ಬಂದು ನಿಲ್ಲುತ್ತಾರೆ. ತವರಿಗೆ ಹೋಗಿ ಕೂತರೂ ಬಿಡುವುದಿಲ್ಲ. ಈ ಸಾಲಗಳ ಅವಧಿ ಚಿಕ್ಕದು, ಬಾಕಿ ಹೆಚ್ಚಾಗಿ ಸಾವಿರಗಳಲ್ಲಿ ಇರುತ್ತದೆ. ಇದನ್ನು ತಿಂಗಳ ಜೀವನಾಂಶದಲ್ಲಿ ಕೂಡಿಸಿ ಮರೆಸದೆ, ಮೊದಲ ವಿಚಾರಣೆಯ ದಿನವೇ ಗಂಡನಿಂದ ಒಂದೇ ಗಂಟಿನಲ್ಲಿ ಕಟ್ಟಿಸಿ ಮುಕ್ತಾಯ ಪತ್ರ ಪಡೆಯುವುದು ಮೇಲು. ಪರವಾನಗಿ ಇಲ್ಲದ ಲೇವಾದೇವಿದಾರರು ಕಿರುಕುಳ ಕೊಟ್ಟರೆ 2025ರಲ್ಲಿ ಬಂದ ಕರ್ನಾಟಕದ ಕಿರುಸಾಲ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬಹುದು, ಹತ್ತು ವರ್ಷದವರೆಗೆ ಶಿಕ್ಷೆ ಇದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅವುಗಳ ಮೇಲಿನ ದೂರು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿಗೆ).

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಒಬ್ಬರ ಕಾರ್ಡಿನ ಮೇಲೆ ಮನೆಯವರಿಗೆ ಕೊಡಿಸುವ ಆ್ಯಡ್-ಆನ್ ಕ್ರೆಡಿಟ್ ಕಾರ್ಡಿನ ಖರ್ಚು ಪೂರ್ತಿ ಮೂಲ ಕಾರ್ಡುದಾರರ ಹೊಣೆ, ಬೇರೆಯಾದ ದಿನವೇ ರದ್ದು ಮಾಡಿಸಿ. ವಾಹನ ಯಾರ ಬಳಿ ಉಳಿಯುತ್ತದೋ ಆರ್‌ಸಿ, ಸಾಲ, ವಿಮೆ ಮೂರೂ ಅವರ ಹೆಸರಿಗೆ ಆಗಲಿ. ಎತ್ತಿದ ಚೀಟಿಯ ಉಳಿದ ಕಂತುಗಳು ಸಾಲವೇ, ಪಟ್ಟಿಗೆ ಸೇರಿಸಿ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್‌ಗಳನ್ನು ವಾಪಸು ಪಡೆಯಿರಿ. ಚೆಕ್ ಅಮಾನ್ಯವಾದರೆ ಸಹಿ ಮಾಡಿದವರ ಮೇಲೆ ಮಾತ್ರ ಕ್ರಿಮಿನಲ್ ಪ್ರಕರಣ, ಖಾತೆ ಜಂಟಿ ಎಂಬ ಕಾರಣಕ್ಕೆ ಸಹಿ ಮಾಡದ ಹೆಂಡತಿಯನ್ನು ಎಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಅಪರ್ಣಾ ಷಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಂಡನ ವ್ಯಾಪಾರದ ಓವರ್‌ಡ್ರಾಫ್ಟ್‌ಗೆ ಜಾಮೀನು ಹಾಕಿದ್ದರೆ, ಕರಾರು ಕಾಯ್ದೆಯ 130ನೇ ಕಲಂ ಪ್ರಕಾರ ಮುಂದಿನ ವ್ಯವಹಾರಗಳಿಗೆ ಜಾಮೀನನ್ನು ನೋಟಿಸು ಕೊಟ್ಟು ಹಿಂಪಡೆಯಬಹುದು. ಆ ದಿನದವರೆಗಿನ ಬಾಕಿಗೆ ಹೊಣೆ ಉಳಿಯುತ್ತದೆ, ಆದರೆ ಮೊತ್ತ ಅಲ್ಲಿಗೆ ನಿಲ್ಲುತ್ತದೆ. ಸಹಿ ಮಾಡಿದ ಜಾಮೀನು ಪತ್ರದ ಷರತ್ತುಗಳನ್ನು ಓದಿ, ಆ ದಿನದ ಬಾಕಿಯನ್ನು ಬ್ಯಾಂಕಿನಿಂದ ಬರೆಸಿಕೊಳ್ಳಿ.

ಕಂತನ್ನು ತೋರಿಸಿ ಜೀವನಾಂಶ ಕಡಿಮೆ ಮಾಡಿಸುವ ಪ್ರಯತ್ನ ಸಾಮಾನ್ಯ. ಸ್ವಂತಕ್ಕೆ ಮಾಡಿಕೊಂಡ ಸಾಲದ ಕಡಿತವನ್ನು ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ. ಹೆಂಡತಿ ಮಕ್ಕಳು ವಾಸವಿರುವ ಮನೆಯ ಕಂತನ್ನು ಗಂಡ ಕಟ್ಟುತ್ತಿದ್ದರೆ ಅದು ಜೀವನಾಂಶದ ಭಾಗವೋ ಅದಕ್ಕೆ ಹೊರತಾದದ್ದೋ ಎಂದು ಬರೆದಿಡದಿದ್ದರೆ ಮುಂದೆ ಮತ್ತೊಂದು ವ್ಯಾಜ್ಯ ಖಂಡಿತ.

ಒಡಂಬಡಿಕೆಯಲ್ಲಿ ಸಾಲದ ಷರತ್ತು ಹೀಗಿರಬೇಕು: ‘ಇಂಥ ಬ್ಯಾಂಕಿನ ಇಂಥ ಸಂಖ್ಯೆಯ ಗೃಹಸಾಲದಲ್ಲಿ ಇಂಥ ದಿನಾಂಕಕ್ಕೆ ಬಾಕಿ ಇರುವ ರೂ. 44,06,000 ಮತ್ತು ಮುಂದಿನ ಬಡ್ಡಿಯನ್ನು ಒಂದನೇ ಅರ್ಜಿದಾರರೇ ಭರಿಸತಕ್ಕದ್ದು. ಎರಡನೇ ಅರ್ಜಿದಾರರನ್ನು ಸಾಲದಿಂದ ಬಿಡುಗಡೆ ಮಾಡಿದ ಬ್ಯಾಂಕಿನ ಪತ್ರವನ್ನು ಅಂತಿಮ ವಿಚಾರಣೆಯ ದಿನ ಹಾಜರುಪಡಿಸತಕ್ಕದ್ದು. ಬಿಡುಗಡೆ ಆಗುವವರೆಗೆ ಆರು ಕಂತುಗಳ ಮೊತ್ತವನ್ನು ಠೇವಣಿ ಇಡತಕ್ಕದ್ದು. ಕಂತು ತಪ್ಪಿ ಎರಡನೇ ಅರ್ಜಿದಾರರು ಕಟ್ಟಬೇಕಾಗಿ ಬಂದಲ್ಲಿ ಆ ಮೊತ್ತವನ್ನು ಬಡ್ಡಿಸಹಿತ ಇದೇ ನ್ಯಾಯಾಲಯದ ಅಮಲ್ಜಾರಿ ಮೂಲಕ ವಸೂಲಿ ಮಾಡಿಕೊಳ್ಳತಕ್ಕದ್ದು.’ ಕಂತಿನ ಸಂದೇಶ ಇಬ್ಬರ ಮೊಬೈಲಿಗೂ ಬರುವಂತೆ ಶಾಖೆಯಲ್ಲಿ ನಮೂದಿಸಿ. ಮೊದಲ ಕಂತು ತಪ್ಪಿದಾಗಲೇ ಗೊತ್ತಾದರೆ ಮೂರು ತಿಂಗಳು ಕೈಯಲ್ಲಿರುತ್ತವೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಮೊದಲ ಅರ್ಜಿಗೂ ಅಂತಿಮ ವಿಚಾರಣೆಗೂ ನಡುವೆ ಇರುವ ಆರು ತಿಂಗಳು ಬ್ಯಾಂಕಿನ ಈ ಕೆಲಸಗಳಿಗೆ ಸರಿಹೋಗುತ್ತದೆ. ಆ ಅವಧಿಗೆ ವಿನಾಯಿತಿ ಕೊಡಬಹುದು ಎಂದ ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪಿನ ನಂತರ ಅದನ್ನು ಕೋರುವುದು ಹೆಚ್ಚಾಗಿದೆ. ಬೇಗ ಮುಗಿಯಲಿ ಎಂಬ ಆಸೆ ಸಹಜ. ಆದರೆ ಜೀವನಾಂಶ, ಮಕ್ಕಳ ಪಾಲನೆ ಮುಂತಾದ ಎಲ್ಲ ವಿವಾದಗಳೂ ನಿಜವಾಗಿ ಇತ್ಯರ್ಥವಾಗಿರಬೇಕು ಎಂಬುದು ಆ ವಿನಾಯಿತಿಗೆ ಅದೇ ತೀರ್ಪು ಹಾಕಿದ ಷರತ್ತು. ಜಂಟಿ ಸಾಲ ಬಾಕಿ ಇರುವಾಗ ಅದನ್ನು ಇತ್ಯರ್ಥ ಎಂದು ಹೇಗೆ ಕರೆಯುವುದು?

ಕೌಟುಂಬಿಕ ನ್ಯಾಯಾಲಯಗಳಲ್ಲಿ ವಕೀಲರಿಲ್ಲದೆ ಬರುವವರೂ ಇರುತ್ತಾರೆ, ಅವರಿಗೆ ಇದನ್ನೆಲ್ಲ ಹೇಳುವವರು ಯಾರೂ ಇಲ್ಲ. ಆದ್ದರಿಂದ ರಾಜ್ಯದ ಮಧ್ಯಸ್ಥಿಕೆ ಕೇಂದ್ರಗಳು ರಾಜಿ ದಾಖಲಿಸುವ ಮುನ್ನ ಇಬ್ಬರ ಕ್ರೆಡಿಟ್ ವರದಿಯನ್ನೂ ಸಾಲದ ಪಟ್ಟಿಯನ್ನೂ ಕಡ್ಡಾಯವಾಗಿ ಕೇಳಲಿ. ಜಂಟಿ ಸಾಲ ಇದ್ದಲ್ಲಿ ಬ್ಯಾಂಕಿನ ಪತ್ರವಿಲ್ಲದೆ ಆರು ತಿಂಗಳ ವಿನಾಯಿತಿ ಕೊಡದಿರಲಿ. ಬ್ಯಾಂಕುಗಳು ಸಹ ಸಾಲಗಾರರ ಬಿಡುಗಡೆ ಅರ್ಜಿಯನ್ನು ತಿಂಗಳುಗಟ್ಟಲೆ ಕೂರಿಸದೆ 30 ದಿನದೊಳಗೆ, ಆಗುವುದಿಲ್ಲವಾದರೆ ಕಾರಣ ಸಮೇತ, ಲಿಖಿತ ಉತ್ತರ ಕೊಡುವಂತೆ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ ತನ್ನ ಮುಂದಿನ ಸಭೆಯಲ್ಲಿ ತೀರ್ಮಾನಿಸಲಿ.

– ಕೌಟುಂಬಿಕ ಪ್ರಕರಣಗಳ ವಕೀಲರು, ದಾವಣಗೆರೆ